ಡಿಶ್‌ನಲ್ಲಿ ಸಿಗದ ಸತ್ತೆಪ್ಪನ ಪದ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಭೋಜ ಊರಿನ ಬೀರದೇವರ ಗುಡಿ ಓಣಿಯಲ್ಲಿ ಕೇಬಲ್ ತಂತಿಗೆ ಉಳಿಗಾಲವಿಲ್ಲ. ಮನೆಯೆತ್ತರ ಕಬ್ಬು ಹೇರಿಕೊಂಡ ಟ್ರಾಲಿ ಓಣಿಯೊಳಗೆ ತೂರುತ್ತದೆ, ಮೇಲೆ ಜೋತುಬಿದ್ದ ತಂತಿಯನ್ನು ಎಳೆದುಕೊಂಡೇ ಫ್ಯಾಕ್ಟರಿಯ ದಾರಿ ಹಿಡಿಯುತ್ತದೆ. ಇಪ್ಪತ್ತು ಮನೆಯ ಟಿವಿಗಳು ಒಮ್ಮೆಗೇ ಮೂಕವಾಗುತ್ತವೆ. ನಿಪ್ಪಾಣಿಯಿಂದ ಕೇಬಲ್ ಕೆಲಸದ ಸಮಾಧಾನ ಎಂಬವನು ಬರುತ್ತಾನೆ, ಗಂಟು ಹಾಕುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ನಾಲ್ಕು ದಿನಕ್ಕೆ ಮತ್ತೊಂದು ಟ್ರಾಲಿ ಬರುತ್ತದೆ.

ಈ ವರ್ಷ ಮೂರನೆಯ ಸಲ ತಂತಿ ಹರಿದಾಗ ಅದೇ ಓಣಿಯ ಬಾಳಾಸಾಬನಿಗೆ ತಲೆ ಕೆಟ್ಟಿತು. ಇರುವ ಎರಡೆಕರೆ ಹೊಲ, ಮೂವತ್ತು ಕುರಿ ನೋಡಿಕೊಳ್ಳುವುದರಲ್ಲೇ ಅವನಿಗೆ ಸಾಕುಸಾಕಾಗಿತ್ತು. ಯಾರನ್ನೂ ಒಂದು ಮಾತು ಕೇಳಲಿಲ್ಲ. ನೇರ ನಿಪ್ಪಾಣಿ ಪೇಟೆಗೆ ಹೋಗಿ ಡಿಶ್ ತಂದ, ಮನೆಯ ಸ್ಲ್ಯಾಬಿನ ಮೇಲೆ ಕೂರಿಸಿಯೇಬಿಟ್ಟ.

"ಇನ್ನ ಎಷ್ಟರ ಟ್ರಾಲಿ ಬರ್ಲಿ, ನಮಗೇನ? ಇದು ಸೀದಾ ಆಕಾಶದಿಂದ ಬರತೈತಿ. ಜಗತ್ತಿನ ಚಾನಲ್ ಎಲ್ಲಾ ಇದರಾಗ ಅದಾವ," ಎಂದು ಹೆಂಡತಿ ಮಾಯಾಳ ಮುಂದೆ ಮೀಸೆ ತಿರುವಿದ.

ಕಂಬಳಿಯ ಮೇಲೆ ಕುಳಿತಿದ್ದ ತಾಯಿ ದುಂಡವ್ವ ಕೇಳಿದಳು, "ನಮ್ಮ ಸಂಗಮ ಚಾನಲ್ ಐತೇನಪಾ?"

"ಎಲ್ಲಾ ಐತಿ ಅಂತ ಹೇಳಾಕತ್ತೀನೆಲ್ಲ ಬೇ!"

ಸಂಗಮ ಎಂದರೆ ನಿಪ್ಪಾಣಿಯ ಕೇಬಲ್‌ನವರೇ ನಡೆಸುವ ಲೋಕಲ್ ಚಾನಲ್. ಅದರಲ್ಲಿ ದೊಡ್ಡ ದೊಡ್ಡವರು ಬರುವುದಿಲ್ಲ. ಸುತ್ತಲಿನ ಹಳ್ಳಿಯ ಸುದ್ದಿ, ಕುಸ್ತಿ, ಕರೆಂಟು ಹೋಗುವ ಹೊತ್ತು, ತಪ್ಪಿಸಿಕೊಂಡ ಎಮ್ಮೆಯ ಗುರುತು, ಇಂಥವೇ ಬರುತ್ತವೆ. ಅಮಾವಾಸ್ಯೆಯ ದಿನ ಸಂಜೆ ಐದಕ್ಕೆ ಮಾತ್ರ ಬೇರೆ ಬೇರೆ ಮೇಳದವರ ಡೊಳ್ಳಿನ ಪದ ಹಚ್ಚುತ್ತಾರೆ. ಹನ್ನೊಂದು ವರ್ಷದ ಹಿಂದೆ ಅವರು ಕ್ಯಾಮೆರಾ ತಂದು ಬೀರದೇವರ ಗುಡಿಯ ಕಟ್ಟೆಯ ಮೇಲೆ ಚಿತ್ರ ಹಿಡಿದುಕೊಂಡು ಹೋಗಿದ್ದ, ದುಂಡವ್ವನ ಗಂಡ ಸತ್ತೆಪ್ಪನ ಮೇಳದ ಪದವೂ ಅದರಲ್ಲಿ ಬರುತ್ತದೆ.

ಸತ್ತೆಪ್ಪ ತೀರಿಕೊಂಡು ನಾಲ್ಕು ವರ್ಷವಾಗಿದೆ. ಮನೆಯಲ್ಲಿ ಅವನದೆಂದು ಉಳಿದದ್ದು ಒಂದು ಕಂಬಳಿ, ಒಂದು ಡೊಳ್ಳು, ಆಧಾರ್ ಕಾರ್ಡಿನ ಕಳ್ಳನಂಥ ಫೋಟೊ. ದನಿ ಮಾತ್ರ ಎಲ್ಲಿಯೂ ಇಲ್ಲ, ಸಂಗಮದಲ್ಲಿ ಬಿಟ್ಟರೆ. ಅದಕ್ಕೇ ಅಮಾವಾಸ್ಯೆ ಬಂತೆಂದರೆ ದುಂಡವ್ವ ನಾಲ್ಕೂವರೆಗೇ ಮುಖ ತೊಳೆದು, ಮಡಿಚಿಟ್ಟ ಸೀರೆ ಉಟ್ಟು, ಟಿವಿಯ ಮುಂದೆ ಕೂರುವಳು. "ಈಗ ಭೋಜದ ಸತ್ತೆಪ್ಪ ಮತ್ತು ಮೇಳದವರಿಂದ..." ಎಂದು ಟಿವಿಯಾಕೆ ಹೇಳಿದ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುವಳು. ಮದುವೆಯಲ್ಲಿ ಒಡಪು ಹಾಕಿ, ಎಂದರೆ ಎರಡು ಸಾಲಿನ ಪದ್ಯದೊಳಗೆ ಸೇರಿಸಿ, ಹೇಳಿದ್ದು ಬಿಟ್ಟರೆ ಅವಳು ಗಂಡನ ಹೆಸರನ್ನು ಬಾಯಿಂದ ಆಡಿದವಳಲ್ಲ. ಅವಳು ಆಡದ ಹೆಸರನ್ನು ತಿಂಗಳಿಗೊಮ್ಮೆ ಟಿವಿ ಆಡುತ್ತಿತ್ತು. ಮುದುಕಿಗೆ ಅದೇ ಒಂದು ದೊಡ್ಡ ಸುಖ.

ಡಿಶ್ ಬಂದ ಆರನೆಯ ದಿನಕ್ಕೆ ಅಮಾವಾಸ್ಯೆ ಬಂತು. ಬಾಳಾಸಾಬ ರಿಮೋಟ್ ಹಿಡಿದು ಒಂದರಿಂದ ಒತ್ತುತ್ತಾ ಹೋದ. ಗುಜರಾತಿಯಲ್ಲಿ ಯಾರೋ ಢೋಕ್ಲಾ ಮಾಡುತ್ತಿದ್ದರು. ಬಂಗಾಲಿಯಲ್ಲಿ ಯಾರೋ ಅಳುತ್ತಿದ್ದರು. ಮೊಸಳೆಯೊಂದು ಜಿಂಕೆಯನ್ನು ನುಂಗಿತು. ಸಂಗಮ ಬರಲಿಲ್ಲ. ಐದಾಯಿತು, ಐದೂ ಐದಾಯಿತು.

"ತಡೀ ಬೇ, ಡಿಶ್ ಆಚೀಕಡೆ ಮಾರಿ ಮಾಡೈತಿ. ನಿಪ್ಪಾಣಿ ಕಡೆ ತಿರುವಿದ್ರ ಬರತೈತಿ," ಎಂದವನೇ ಬಾಳಾಸಾಬ ಮೆಟ್ಟಿಲು ಹತ್ತಿದ.

ಅವನ ತಪ್ಪೂ ಅಲ್ಲ, ಬಿಡಿ. ಈ ಗಡಿ ಭಾಗದಲ್ಲಿ ಬೆಳೆದವರಿಗೆಲ್ಲ ಕೈಗೆ ಅಂಟಿದ ರೂಢಿ ಅದು. ಮೊದಲು ಇದೇ ಜಾಗದಲ್ಲಿ ಹಂಚಿನ ಮನೆ ಇತ್ತು. ಹಂಚಿನ ಮೇಲೆ ಬಿದಿರು ಗಳಕ್ಕೆ ಕಟ್ಟಿದ ಆಂಟೆನಾ ಇತ್ತು. ಕೊಲ್ಹಾಪುರದ ಕಡೆ ತಿರುಗಿಸಿದರೆ ಮರಾಠಿ, ಬೆಳಗಾವಿಯ ಕಡೆ ತಿರುಗಿಸಿದರೆ ಕನ್ನಡ. ಓಣಿಗೆಲ್ಲ ಅದೊಂದೇ ಟಿವಿ, ಮುಂದೆ ಮರದ ಶಟರ್ ಇದ್ದದ್ದು. ಭಾನುವಾರ ಸತ್ತೆಪ್ಪ ಮೇಲೆ ಹತ್ತಿ ಗಳ ತಿರುಗಿಸುತ್ತಾ "ಬಂತೇನಽ?" ಎಂದು ಕೂಗುತ್ತಿದ್ದ. ಕಿಟಕಿಯಲ್ಲಿ ನಿಂತ ಹರೆಯದ ದುಂಡವ್ವ "ಬಂತ್ರೀ... ಹೋತ್ರೀ... ಹಂಗ ಹಿಡೀರಿ, ಬಂತು!" ಎನ್ನುತ್ತಿದ್ದಳು. ಒಳಗೆ ಅರ್ಧ ಊರು ಸೇರಿ ನಗುತ್ತಿತ್ತು. ಆ ಕಾಲ ಎಷ್ಟು ಬೇಗ ಹೋಯಿತಪ್ಪಾ ಎಂದುಕೊಂಡಳು ದುಂಡವ್ವ.

"ಬಂತೇನ ಬೇ?" ಮೇಲಿನಿಂದ ಮಗ ಕೂಗಿದ. ದನಿ ಥೇಟ್ ಅಪ್ಪನದೇ.

"ಇದ್ದದ್ದೂ ಹೋತ್ರೀ!" ಎಂದಳು ಮಾಯಾ. ಟಿವಿಯ ತುಂಬ ನೀಲಿ ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

ಐದೂವರೆ ಆಯಿತು. ಪದದ ಹೊತ್ತು ಮುಗಿಯಿತು. ದುಂಡವ್ವ ಬಯ್ಯಲಿಲ್ಲ, ಅಳಲಿಲ್ಲ. "ನಾಕ ವರ್ಷದಾಗ ಒಂದ ಅಮಾಸಿ ತಪ್ಪಿಸಿದ್ದಿಲ್ಲಪಾ," ಎಂದಷ್ಟೇ ಹೇಳಿ ಸೀರೆ ಬದಲಿಸಲು ಒಳಗೆ ಹೋದಳು. ಬಯ್ದಿದ್ದರೆ ಬಾಳಾಸಾಬನಿಗೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ಸ್ತ್ರೀಶಕ್ತಿ ಸಂಘದ ಕೆಲಸಕ್ಕೆಂದು ನೀಲಮ ಬಂದಳು. ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಹುಡುಗಿ ಅವಳು. ಊರಿನ ಯಾವ ಅರ್ಜಿ ಎಲ್ಲಿ ನಿಂತಿದೆ ಎಂದು ಅವಳಿಗೆ ಗೊತ್ತು. ಅಂಗಳದಲ್ಲೇ ನಿಂತು ಸ್ಲ್ಯಾಬಿನ ಕಡೆ ನೋಡಿ ನಕ್ಕಳು.

"ಬಾಳಾಸಾಬ ದಾದಾ, ನಿಮ್ಮ ಡಿಶ್ ಯಾಕ ನಿಪ್ಪಾಣಿ ಬಸ್ಸಿನ ಹಾದಿ ಕಾಯಾಕತ್ತೈತ್ರಿ?"

"ನಗಬ್ಯಾಡ ತಂಗಿ," ಎಂದು ಬಾಳಾಸಾಬ ಸಿಡುಕಿದ. "ಕಂಪನಿಯವ್ರು ಬೇಕಂತಽ ನಮ್ಮ ಚಾನಲ್ ಮುಚ್ಚಿ ಇಟ್ಟಾರ. ಹೆಚ್ಚಿಗಿ ರೊಕ್ಕ ಒಗದ್ರ ಬಿಡ್ತಾರ, ನನಗ ಗೊತ್ತಿಲ್ಲೇನ?"

"ಇಲ್ಲದ್ದನ್ನ ಎಲ್ಲಿಂದ ಬಿಡ್ತಾರ್ರಿ? ಸಂಗಮ ಚಾನಲ್ ಒಂದ ದಿನಾನೂ ಆಕಾಶಕ್ಕ ಹೋಗೇ ಇಲ್ಲ."

"ಅಂದ್ರ?"

ನೀಲಮ ಕಟ್ಟೆಯ ಮೇಲೆ ಕುಳಿತಳು. "ಡಿಶ್ ಕಂಪನಿಯವ್ರು ಚಾನಲ್‌ಗೋಳನ್ನ ಒಂದ ಕಡೆ ಕೂಡಿಸಿ ಮ್ಯಾಲಿನ ಉಪಗ್ರಹಕ್ಕ ಕಳಸ್ತಾರ. ಅಲ್ಲಿಂದ ಅದು ಇಡೀ ದೇಶಕ್ಕ ಇಳೀತೈತಿ. ಕಾಶ್ಮೀರದ ಮನಿಗೆ ಇಳಿಯೂದೂ ಅದಽ, ನಿಮ್ಮ ಮನಿಗೆ ಇಳಿಯೂದೂ ಅದಽ. ಉಪಗ್ರಹದಾಗ ಜಾಗಾ ಇಷ್ಟಽ ಅಂತ ಇರತೈತಿ. ಊರಿಗೊಂದ ಚಾನಲ್ ಏರಿಸ್ಕೋತ ಹೋದ್ರ ಹಿಡಿಸತೈತೇನ್ರಿ? ಮತ್ತ ಚಾನಲ್ ಆಕಾಶಕ್ಕ ಹೋಗಬೇಕಂದ್ರ ಸರ್ಕಾರದ ಪರವಾನಗಿ ಬೇಕು, ಕಂಪನಿ ಜೋಡಿ ಕರಾರು ಬೇಕು. ನಾಕ ಮಂದಿ ನಡಸೂ ಸಂಗಮಕ್ಕ ಅದು ಎಲ್ಲಿ ನೀಗತೈತಿ? ಅದು ನಿಪ್ಪಾಣಿ ಕೇಬಲ್ ಆಫೀಸಿನಾಗ ಹುಟ್ಟಿ ತಂತಿ ಹಿಡಕೊಂಡ ನಮ್ಮ ಮನಿಗೆ ಬರತೈತಿ, ಅಷ್ಟಽ."

"ದೂರದರ್ಶನ ಬರತೈತೆಲ್ಲ ಮತ್ತ?"

"ಸರ್ಕಾರ ಗೊತ್ತು ಮಾಡಿದ ದೂರದರ್ಶನದ ಚಾನಲ್ ಎಲ್ಲಾ ಕಂಪನಿಯವ್ರೂ ಕೊಡಾಕಬೇಕು, ಹಂಗ ನಿಯಮಾನಽ ಐತಿ. ಲೋಕಲ್ ಚಾನಲ್‌ಗೆ ಹಂಗಿಲ್ಲ. ಪುಣೆಗೆ ಹೊಂಟ ಎಕ್ಸ್‌ಪ್ರೆಸ್ ಬಸ್ ನಿಮ್ಮ ಹೊಲದ ಹಾದ್ಯಾಗ ನಿಂದರತೈತೇನು? ಹೊಲಕ್ಕ ಹೋಗಾಕ ಟಂಟಂ ಗಾಡಿ ಹತ್ತಬೇಕು. ಬಸ್ಸಿಂದೇನೂ ತಪ್ಪಿಲ್ಲ."

ಬಾಳಾಸಾಬ ತಲೆ ಕೆರೆದುಕೊಂಡ. "ಹಂಗಾದ್ರ ತಿರುವಿದ್ದು?"

"ಆವಾಗಿನ ಆಂಟೆನಾಕ್ಕ ನೆಲದ ಮ್ಯಾಲಿನ ಟವರ್‌ನಿಂದ ಬರತಿತ್ತು, ತಿರುವಿದ್ರ ಊರು ಬದಲಿ ಆಗತಿತ್ತು. ಉಪಗ್ರಹ ನಿಂತ ಜಾಗಾ ಒಂದಽ. ಅದರ ಕಡೆ ಬೆನ್ನ ಮಾಡಿದ್ರ ಇದ್ದದ್ದೂ ಹೋಗತೈತಿ."

ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ದುಂಡವ್ವ ಮೆಲ್ಲಗೆ ಕೇಳಿದಳು, "ಅಂದ್ರ ಅವರ ಪದ ಅಳಿಸಿ ಹೋಗಿಲ್ಲೇನವ್ವಾ?"

"ಇಲ್ಲ ಆಯಿ, ಅಲ್ಲೇ ಇರಬೇಕು. ತಡೀರಿ, ಕೇಳೇಬಿಡೂಣು." ನೀಲಮ ಸಂಗಮದ ಆಫೀಸಿಗೆ ಫೋನು ಹಚ್ಚಿ ಸ್ಪೀಕರ್ ಒತ್ತಿದಳು.

ಅತ್ತಲಿಂದ ಒಬ್ಬ ಹೆಣ್ಣುಮಗಳು ಮಾತಾಡಿದಳು: "ಡೊಳ್ಳಿನ ಪದ ಭಾಳ ಅದಾವ್ರಿ. ಯಾರ ಮೇಳದ್ದು ಹೇಳ್ರಿ, ಹುಡುಕಿ ಮುಂದಿನ ಅಮಾಸಿಗೆ ಹಚ್ಚತೀವಿ."

ಬಾಳಾಸಾಬ ಬಾಯಿ ತೆರೆದ. ಅಷ್ಟರಲ್ಲಿ ದುಂಡವ್ವ ಕೈ ಚಾಚಿ ಫೋನು ಇಸಿದುಕೊಂಡಳು. "ನಾ ಹೇಳತೀನಿ," ಎಂದಳು. ಸೆರಗು ಎಳೆದುಕೊಂಡಳು, ಗಂಟಲು ಸರಿಮಾಡಿಕೊಂಡಳು. ಹೆಸರು ಹೇಳುತ್ತಿದ್ದ ಟಿವಿ ಮೂಕವಾದ ಮೇಲೆ ತಾನಲ್ಲದೆ ಇನ್ನು ಯಾರು ಹೇಳಬೇಕು?

"ವೇದಗಂಗಿ ದಂಡ್ಯಾಗ ಮೇಯ್ತಾವ ನಮ್ಮ ಕುರಿ,
ಸತ್ತೆಪ್ಪನವರ ಪದ ಮತ್ತೊಮ್ಮೆ ಕೇಳಸ್ರಿ."

"ಬರಕೊಂಡ್ನಿ ಆಯಿ, ಹಚ್ಚೇ ಹಚ್ಚತೀವ್ರಿ," ಎಂದಿತು ಅತ್ತಲಿನ ದನಿ. ಬಾಳಾಸಾಬ ಕುರಿ ಎಣಿಸುವವನ ಹಾಗೆ ಹಟ್ಟಿಯ ಕಡೆ ತಿರುಗಿ ಕಣ್ಣೊರೆಸಿಕೊಂಡ.

ಅದೇ ವಾರ ಓಣಿಯವರು ಸೇರಿದರು. ಟ್ರಾಲಿಯ ಕಬ್ಬಿಗಿಂತ ಎತ್ತರದ ಕಂಬ ನೆಟ್ಟರು, ಕರೆಂಟಿನ ತಂತಿಯಿಂದ ದೂರ ಇಟ್ಟರು. ಸಮಾಧಾನ ಬಂದು ಹೊಸ ತಂತಿ ಎಳೆದ. "ಇದನ್ನ ಮೊದಲಽ ಮಾಡಿದ್ರ ನನ್ನ ಚಪ್ಪಲಿ ಉಳೀತಿದ್ದುವಲ್ರಿ," ಎಂದ. ಡಿಶ್ಶೂ ವ್ಯರ್ಥವಾಗಲಿಲ್ಲ. ಕೇಬಲ್ ಹೋಗದ, ಬಾಳಾಸಾಬನ ಹೊಲದ ಮನೆಯ ಮೇಲೆ ಅದನ್ನು ಕೂರಿಸಿದರು, ಈ ಸಲ ಆಕಾಶದ ಕಡೆಗೇ ಮುಖ ಮಾಡಿ.

ಮುಂದಿನ ಅಮಾವಾಸ್ಯೆ ಬಂತು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಗಾಳಿಗೆ ತಂತಿ ಸಡಿಲಾಗಿದೆಯೇನೋ ಎಂದು ಬಾಳಾಸಾಬ ಸ್ಲ್ಯಾಬಿನ ಮೇಲೆ ಹತ್ತಿ ನಿಂತಿದ್ದ. ಐದು ಹೊಡೆದ ಕೂಡಲೇ ಕೆಳಗೆ ಡೊಳ್ಳಿನ ಸದ್ದು ಎದ್ದಿತು.

"ಬಂತೇನ ಬೇ?" ಎಂದು ಮೇಲಿನಿಂದ ಕೂಗಿದ.

ದುಂಡವ್ವ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದಳು, "ಬಂದ್ರಪಾ, ಬಂದ್ರು. ನೀನೂ ಇಳದ ಬಾ."

ಅಕ್ಕಂದಿರೇ, ಅಣ್ಣಂದಿರೇ, ಡಿಶ್ ಕೆಟ್ಟದ್ದಲ್ಲ, ಕೇಬಲ್ ಅಂದರೆ ಬಂಗಾರವೂ ಅಲ್ಲ. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವ ಮುಂಚೆ ಮನೆಯಲ್ಲಿ ಯಾರು ಏನು ನೋಡುತ್ತಾರೆ ಎಂದು ಕೇಳಿ, ಮೂಲೆಯಲ್ಲಿ ಕುಳಿತ ಹಿರಿಯರನ್ನು ಮೊದಲು ಕೇಳಿ. ಅಂಗಡಿಯಲ್ಲಿ ಚಾನಲ್ಲುಗಳ ಪಟ್ಟಿ ಇಸಿದುಕೊಂಡು, ಬೇಕಾದದ್ದು ಅದರಲ್ಲಿದೆಯೇ ಎಂದು ಬೆರಳಿಟ್ಟು ನೋಡಿ. "ಎಲ್ಲಾ ಐತಿ" ಎಂಬ ಮಾತನ್ನು ನಂಬಿ ಬರಬೇಡಿ. ನಿಮ್ಮ ಊರಿನ ದನಿ ಆಕಾಶದಿಂದ ಇಳಿಯುವುದಿಲ್ಲ. ಅದು ಬರುವ ದಾರಿ ಯಾವುದೆಂದು ತಿಳಿದುಕೊಂಡು, ಆ ದಾರಿಯನ್ನು ನೀವೇ ಕಾಯ್ದುಕೊಳ್ಳಿ.