ಬಿಳಿ ಪಟ್ಟಿ

“ಹೆಸರು ಬದಲಾಯಿಸೋದಿದ್ರೆ ಈಗ್ಲೇ ಹೇಳ್ರಮ್ಮ. ಏಳೂವರೆಗೆ ಈ ಕಾಗದ ಕೊಟ್ಬಿಟ್ರೆ ಮುಗೀತು. ಆಮೇಲೆ ದೇವ್ರೇ ಬಂದ್ರೂ ಆಗಲ್ಲ.”

ಇಗರಾಶಿ ಮೇಷ್ಟ್ರು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದರು. ಕೆಳಗೆ ರಸ್ತೆ ರಿಲೇ ಓಟಕ್ಕೆ ಬಂದ ಆರು ಹುಡುಗಿಯರ ಸಾಲು: ಓಡುವವರು ಐವರು, ಮೀಸಲಿಗೆ ಒಬ್ಬಳು. ಮಳೆ ಆಗಷ್ಟೇ ನಿಂತಿತ್ತು. ಕೊಯ್ಲು ಮುಗಿದ ಗದ್ದೆಗಳ ಕಡೆಯಿಂದ ನವೆಂಬರಿನ ಗಾಳಿ ಬೀಸುತ್ತಿತ್ತು.

“ನೋವು, ಜ್ವರ, ಹೊಟ್ಟೆಗಿಟ್ಟೆ, ಯಾರಿಗಾದ್ರೂ?”

“ಏನೂ ಇಲ್ಲ ಮೇಷ್ಟ್ರೇ,” ಎಂದಳು ಚಿಸಾಟೊ, ಎಲ್ಲರಿಗಿಂತ ಮೊದಲು. ಹೈಸ್ಕೂಲಿನ ಕೊನೆಯ ವರ್ಷದವಳು, ತಂಡದ ನಾಯಕಿ. ನಾಲ್ಕನೆಯ ಪಾಳಿಯ ಮೂರು ಕಿಲೋಮೀಟರ್ ಅವಳದು. ಸಾಲಿನ ತುದಿಯಲ್ಲಿದ್ದ ಮೀಸಲು ಹುಡುಗಿ ಮಿಜುಕಿ ತಲೆಯೆತ್ತಿ ಅವಳನ್ನು ನೋಡಿದಳು, ಮತ್ತೆ ನೆಲ ನೋಡಿದಳು.

ಮಿಜುಕಿಗೆ ಗೊತ್ತಿತ್ತು. ಮೂರು ದಿನದ ಹಿಂದೆ ಬಟ್ಟೆ ಬದಲಾಯಿಸುವ ಕೋಣೆಯ ಬಾಗಿಲು ತೆರೆದಾಗ, ಚಿಸಾಟೊ ಟವೆಲ್ಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗಾಲಿನ ಮುಂಗಾಲ ಮೂಳೆಗೆ ಮಂಜುಗಡ್ಡೆ ಒತ್ತಿಕೊಂಡು ಕೂತಿದ್ದಳು.

“ಏನಿಲ್ಲ ಹೋಗೇ, ಸ್ವಲ್ಪ ಉಳುಕಿದೆ ಅಷ್ಟೆ. ಯಾರ ಮುಂದೂ ಬಾಯಿ ಬಿಡ್ಬೇಡ.”

“ಆಯ್ತಕ್ಕ.”

ನಮ್ಮಲ್ಲಿ ಹಿರಿಯಳು ಬೇಡ ಎಂದ ಮೇಲೆ ಕಿರಿಯಳು ತುಟಿಪಿಟಕ್ಕೆನ್ನುವ ಹಾಗಿಲ್ಲ. ಒಂದೇ ವರ್ಷ ದೊಡ್ಡವಳಾದರೂ ಅಷ್ಟೆ. ಒಳ್ಳೆಯ ಪದ್ಧತಿ ಅನ್ನುವವರು ಅನ್ನಲಿ, ನನಗಂತೂ ಅದನ್ನು ನೆನೆದರೆ ಸಿಟ್ಟೇ ಬರುತ್ತದೆ. ಮಿಜುಕಿ ಚಿಸಾಟೊಗಿಂತ ಇಪ್ಪತ್ತು ಸೆಕೆಂಡು ನಿಧಾನ ಓಡುತ್ತಿದ್ದಳು, ನಿಜ. ಆದರೆ ಅವಳ ಕಾಲು ಗಟ್ಟಿಯಾಗಿತ್ತು.

ಕಾಗದ ಹೋಯಿತು.

ನಮ್ಮ ಶಾಲೆಯದು ನೇರಳೆ ಬಣ್ಣದ ಹೆಗಲಪಟ್ಟಿ. ಒಬ್ಬಳು ಓಡಿ ತಂದದ್ದನ್ನು ಬಿಚ್ಚಿ ಮುಂದಿನವಳ ಕೈಗೆ ಕೊಡಬೇಕು. ಗೆಲ್ಲುವವರು ಬೇರೆ, ದೊಡ್ಡ ಊರಿನ ದೊಡ್ಡ ಶಾಲೆಗಳವರು. ಆ ಪಟ್ಟಿ ನಡುವೆ ಕಡಿಯದೆ ಕೊನೆ ಮುಟ್ಟಿದರೆ ನಮಗೆ ಅದೇ ಹಬ್ಬ. ಪಟ್ಟಿ ಕೈಬದಲಾಗುವ ಗೆರೆಯನ್ನು ಮೊದಲ ತಂಡ ದಾಟಿ ಎಂಟು ನಿಮಿಷವಾದರೆ ಇನ್ನು ಯಾರಿಗೂ ಕಾಯುವುದಿಲ್ಲ. ರಸ್ತೆ ಬಿಡಬೇಕಲ್ಲ! ತಮ್ಮ ಪಟ್ಟಿ ಬಾರದವರ ಹೆಗಲಿಗೆ ಒಂದು ಬಿಳಿ ಪಟ್ಟಿ ಹಾಕಿ ಓಡಿಸಿಬಿಡುತ್ತಾರೆ.

ಮೊದಲ ವರ್ಷ ಚಿಸಾಟೊ ಗುಬ್ಬಿಮರಿಯ ಹಾಗಿದ್ದಳು, ಓಡಿದರೆ ಕಾಲು ನೆಲಕ್ಕೆ ತಾಗುತ್ತದೋ ಇಲ್ಲವೋ ಅನ್ನುವಂತೆ. ಮೇಷ್ಟ್ರು ಕೊನೆಯ ಪಾಳಿಯನ್ನೇ ಕೊಟ್ಟಿದ್ದರು. ಅವತ್ತು ಅವಳ ಹೆಗಲಿಗೆ ಬಿದ್ದದ್ದು ಬಿಳಿ ಪಟ್ಟಿ. ಅವಳು ಹೊರಟ ಹದಿನೆಂಟು ಸೆಕೆಂಡಿಗೆ ಹಿರಿಯಳಾದ ಅಕಾನೆ ನೇರಳೆ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದು ಬಂದಳಂತೆ. ವಾಪಸು ಬಸ್ಸಿನಲ್ಲಿ ಅಕಾನೆ ಸೊಂಟ ಬಗ್ಗಿಸಿ, “ತಪ್ಪಾಯ್ತಮ್ಮ, ಕ್ಷಮಿಸ್ಬಿಡು” ಎಂದರೆ, ಈ ಹುಡುಗಿ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನನ್ನ ಕೈಯಲ್ಲಿ ಮಾತ್ರ ಇದು ಕಡಿಯಬಾರದು ಎಂದು ಗಾಜಿಗೆ ಹಣೆಯೊತ್ತಿ ಶಪಥ ಮಾಡಿದ್ದಳು.

ಎರಡನೆಯ ವರ್ಷ ಮೈ ಬೆಳೆಯಿತು. ಎಂಟು ಸೆಂಟಿಮೀಟರ್ ಎತ್ತರ, ಅದಕ್ಕೆ ತಕ್ಕ ತೂಕ. “ಸದ್ಯ, ಈಗ ಮನುಷ್ಯಳ ಹಾಗೆ ಕಾಣ್ತೀಯ ನೋಡು” ಎಂದು ತಾಯಿ ಹಿಗ್ಗಿ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದರು. ಮಗಳು ಅರ್ಧ ಬಿಟ್ಟು ಎದ್ದಳು. ಓಟ ಮಾತ್ರ ತಿಂಗಳಿಂದ ತಿಂಗಳಿಗೆ ನಿಧಾನವಾಯಿತು. ಬೆಳಗಿನ ಜಾವ ಎದ್ದು ಹೊಳೆಯ ಏರಿಯ ಮೇಲೆ ಇನ್ನೂ ಹೆಚ್ಚು ಓಡಿದಳು. ಅರೆಹೊಟ್ಟೆಯಲ್ಲಿ ಅಷ್ಟು ಓಡಿದರೆ ಮೂಳೆ ತಾನೇ ಎಷ್ಟು ತಾಳೀತು? ಮೂರನೆಯ ವರ್ಷ ಕೊನೆಯ ಪಾಳಿ ಫೂಕಾ ಎಂಬ ಹೊಸ ಹುಡುಗಿಗೆ ಹೋಯಿತು. ಫೂಕಾ ಓಡುವುದನ್ನು ನೋಡಿದಾಗೆಲ್ಲ ಚಿಸಾಟೊಗೆ ತನ್ನನ್ನೇ ಯಾರೋ ಕದ್ದೊಯ್ದಂತೆ ಸಂಕಟವಾಗುತ್ತಿತ್ತು. ಈ ನಾಲ್ಕನೆಯ ಪಾಳಿಯನ್ನೂ ಬಿಟ್ಟುಕೊಟ್ಟರೆ ತನ್ನದೆಂದು ಏನುಳಿಯಿತು?

ಮೂರನೆಯವಳಿಂದ ಪಟ್ಟಿ ಕೈಗೆ ಬಂದಾಗ ಅದು ಬೆವರಿಗೆ ತೊಯ್ದು ಭಾರವಾಗಿತ್ತು. ತಿರುವಿನಲ್ಲಿ ಮೇಷ್ಟ್ರು ಕೂಗಿದರು: “ಬಿಳಿ ಪಟ್ಟಿಗೆ ಇನ್ನೂ ನಲವತ್ತು ಸೆಕೆಂಡು ಕೈಲಿದೆ ಕಣೇ! ನಿನ್ನ ಪಾಡಿಗೆ ನೀನು ಓಡು, ಸಾಕು!”

ಮೊದಲ ಕಿಲೋಮೀಟರ್ ಹಲ್ಲು ಕಚ್ಚಿ ಓಡಿದಳು. ಸೇತುವೆಯ ಇಳಿಜಾರಿನಲ್ಲಿ ಕಾಲೊಳಗೆ ಏನೋ ಕಡಿಯಿತು. ಅಲ್ಲಿಂದ ಪ್ರತಿ ಹೆಜ್ಜೆಗೂ ಜೀವ ಬಾಯಿಗೆ ಬರುತ್ತಿತ್ತು. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿಹೋದರು.

“ತಡ್ಕೋ ಮಗಾ, ಬಂದೇಬಿಡ್ತು!” ಎಂದು ಸೋಯಾ ಸಾಸ್ ಅಂಗಡಿಯ ಮುಂದಿದ್ದ ಮುದುಕರು ಚಪ್ಪಾಳೆ ತಟ್ಟಿದರು. ಅವಳು ಓಡುತ್ತಿರಲಿಲ್ಲ, ಕುಂಟುತ್ತಿದ್ದಳು.

ಅಂಚೆ ಕಚೇರಿಯ ತಿರುವು ದಾಟಿದಾಗ ರಸ್ತೆ ನೇರವಾಯಿತು. ತುದಿಯ ಗೆರೆಯಲ್ಲಿ ನಾಲ್ಕು ಹುಡುಗಿಯರು ನಿಂತಿದ್ದರು, ನಾಲ್ವರ ಹೆಗಲಲ್ಲೂ ಬಿಳಿ. ಅವರಲ್ಲೊಬ್ಬಳು ಹಿಂದೆ ತಿರುಗಿ ಎರಡೂ ಕೈ ಬೀಸುತ್ತಿದ್ದಳು.

“ಅಕ್ಕಾ! ಬನ್ನಿ ಅಕ್ಕಾ! ಇಲ್ಲೇ ಇದೀನಿ!”

ಚಿಸಾಟೊ ಹೆಗಲಿನ ಪಟ್ಟಿಯನ್ನು ಬಿಚ್ಚಿ ಮುಂದಕ್ಕೆ ಚಾಚಿದಳು. ಪಿಸ್ತೂಲು ಸಿಡಿಯಿತು. ಫೂಕಾ ಹೊರಟಳು. ಎರಡು ಸಲ ಹಿಂದೆ ನೋಡಿದಳು, ಆಮೇಲೆ ನೋಡಲಿಲ್ಲ.

ಹನ್ನೊಂದು ಸೆಕೆಂಡು ತಡ. ಗೆರೆ ದಾಟಿದ ಚಿಸಾಟೊಳ ಕೈ ಇನ್ನೂ ಚಾಚಿಕೊಂಡೇ ಇತ್ತು, ಹಿಡಿಯುವವರಿರಲಿಲ್ಲ. ಅಲ್ಲೇ ರಸ್ತೆಯ ಮೇಲೆ ಕುಸಿದಳು.

ಫೂಕಾಳ ಕೋಟು ಹಿಡಿದುಕೊಳ್ಳಲು ಮಿಜುಕಿಯನ್ನು ಅಲ್ಲಿ ನಿಲ್ಲಿಸಿದ್ದರು. ಅವಳು ಓಡಿಬಂದು ಆ ಕೋಟನ್ನು ಚಿಸಾಟೊಗೆ ಹೊದಿಸಿ, ತೋಳು ಹಿಡಿದು ರಸ್ತೆಯ ಅಂಚಿಗೆ ಎಳೆದು ಕೂರಿಸಿದಳು.

“ಕ್ಷಮಿಸ್ಬಿಡೇ ಮಿಜುಕಿ…” ಚಿಸಾಟೊಗೆ ಬಿಕ್ಕಿಬಿಕ್ಕಿ ಅಳು ಬಂತು. “ತಪ್ಪಾಯ್ತು ಕಣೇ.”

ಮಿಜುಕಿ ಮುಖ ತಿರುಗಿಸಲಿಲ್ಲ. ಹಾಗೆಂದು ಪರವಾಗಿಲ್ಲ ಎನ್ನಲೂ ಇಲ್ಲ.

“ನೀವು ಹೇಳ್ತೀರಿ ಅಂದ್ಕೊಂಡಿದ್ದೆ ಅಕ್ಕ,” ಎಂದಳು. “ಏಳೂವರೆ ತನಕ.”

ಆಮೇಲೆ ಅವಳು ಮಂಡಿಯೂರಿ, ಊದಿದ ಕಾಲಿನಿಂದ ಬೂಟು ಬಿಡಿಸತೊಡಗಿದಳು. ಬಗ್ಗಿದಾಗ ಅವಳ ಉದ್ದನೆಯ ಕೋಟಿನ ಗುಂಡಿಗಳ ನಡುವೆ ನೇರಳೆ ಬಣ್ಣದ ಓಟದ ಬನಿಯನ್ ಕಂಡಿತು. ಮಿಜುಕಿಯ ಕಾಲಲ್ಲೂ ಓಟದ ಬೂಟುಗಳಿದ್ದವು. ಲೇಸನ್ನು ಎರಡೆರಡು ಗಂಟು ಹಾಕಿ, ತುದಿಗಳನ್ನು ಒಳಗೆ ಸಿಕ್ಕಿಸಿದ್ದಳು. ಅಟ್ಟೆಯ ಅಂಚಿನಲ್ಲಿ ಒಂದು ಹನಿ ಕೆಸರೂ ಇರಲಿಲ್ಲ.