ಕಿವಿಯಿಲ್ಲದ ಲೆಕ್ಕ

ಆ ತಳ್ಳುಗಾಡಿಯ ಮುಂದಿನ ಎಡಗಾಲಿ ಕಿರುಗುಟ್ಟುತ್ತಿದೆ, ಒಳಗಿನ ಬೇರಿಂಗ್ ಒಣಗಿದೆ, ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕು, ನರ್ಸಮ್ಮನಿಗೆ ಹೇಳಲೇ — ಯಾರು, ನಾನಾ, ಬೇರಿಂಗ್ ವಿಷಯದಲ್ಲಿ ಬಾಯಿ ಬಿಡುವ ಯೋಗ್ಯತೆ ಇದೆಯೇ ನನಗೆ, ಮೊನ್ನೆ ಸೋಮವಾರ ಒಂದನ್ನು ಚೂರುಚೂರು ಮಾಡಿ ಅಕ್ಕನ ಗಂಡನನ್ನು ಈ ಹಾಸಿಗೆಗೆ ತಂದು ಹಾಕಿದವಳು. ಭಾವ ನಿದ್ದೆಯಲ್ಲಿದ್ದಾರೆ, ಬಲಗೈ ಮಣಿಕಟ್ಟಿನ ಹತ್ತಿರ ಬಟ್ಟೆಯ ಉಂಡೆಯಾಗಿ ಮುಗಿಯುತ್ತದೆ, ಅತ್ತ ನೋಡಬೇಡ, ಕಿಟಕಿ ನೋಡು, ಗಾಲಿ ಕೇಳು. ಎಣ್ಣೆಯಾಗಿದ್ದರೆ ಇದೆಲ್ಲ ಆಗುತ್ತಿರಲಿಲ್ಲ, ಎಣ್ಣೆ ಸಾಧು, ತಿರುಗುವ ದಂಡಕ್ಕೂ ಬೇರಿಂಗಿನ ಗೋಡೆಗೂ ನಡುವೆ ದಪ್ಪಗೆ ಕೂತು ಎಲ್ಲವನ್ನೂ ತಾಳಿಕೊಳ್ಳುತ್ತದೆ, ನಾವು ಟೆಸ್ಟ್ ಮಾಡುವ ಪಂಪಿನಲ್ಲಿ ಆ ಜಾಗದಲ್ಲಿ ಓಡುವುದು ದ್ರವ ಸಾರಜನಕ, ಸೊನ್ನೆಗಿಂತ ನೂರತೊಂಬತ್ತು ಡಿಗ್ರಿ ಕೆಳಗಿನ ಚಳಿ, ನೀರಿಗಿಂತ ಎಷ್ಟೋ ತೆಳು, ಒತ್ತಡ ಎಲ್ಲಿ ಇಳಿಯಿತೋ ಅಲ್ಲೇ ಕುದಿದು ಆವಿಯಾಗುತ್ತದೆ, ಆವಿ ದಂಡವನ್ನು ಹೊರುವುದಿಲ್ಲ, ದಂಡ ಗೋಡೆಗೆ ಉಜ್ಜುತ್ತದೆ, ಗೊತ್ತಿತ್ತು ತಾನೆ ನನಗೆ, ಬೇರಿಂಗ್ ತಾಳುತ್ತದೋ ಇಲ್ಲವೋ ಎಂದು ನೋಡುವ ಲೆಕ್ಕಕ್ಕೆ ಆವಿಯ ಭಾಗವನ್ನು ಸೇರಿಸಿದವಳೂ ನಾನೇ. ಸೇರಿಸಿದ್ದೇ ತಡ ಕಂಪ್ಯೂಟರ್ ಮೂರು ದಿನ ಓಡಿತು, ಉತ್ತರ ಒಂದೆಡೆ ನಿಲ್ಲಲೇ ಇಲ್ಲ, ಸಾಹೇಬರು ಬಾಗಿಲಲ್ಲಿ ನಿಂತು ಏನಮ್ಮಾ ಸೋಮವಾರ ಟೆಸ್ಟ್ ಇದೆ ಆಯ್ತಾ ಆಯ್ತಾ, ನಾನು ಆ ಭಾಗ ಕಿತ್ತು ಹಳೆಯ ಎಣ್ಣೆ ಲೆಕ್ಕದ ಸಾಲೊಂದನ್ನು ಅಂಟಿಸಿದೆ — ಒತ್ತಡ ಸೊನ್ನೆಗಿಂತ ಕೆಳಗೆ ಹೋದರೆ ಸೊನ್ನೆ ಎಂದುಕೋ — ಎರಡೇ ನಿಮಿಷಕ್ಕೆ ಉತ್ತರ ಬಂತು, ನುಣುಪಾದ ಗೆರೆ, ಲೆಕ್ಕ ಸುಮ್ಮನಾಯಿತೆಂದರೆ ಬೇರಿಂಗೂ ಸುಮ್ಮನಿರುತ್ತದೆ ಎಂದು ನಂಬಿದೆ, ಟೆಸ್ಟ್ ಮುಗಿಯಲಿ ಆಮೇಲೆ ಸರಿಮಾಡಿದರಾಯಿತು ಎಂದುಕೊಂಡೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಣ್ಣುತ್ತಿರುವವರು ಭಾವ.

ನಿನ್ನ ಲೆಕ್ಕಕ್ಕೆ ಕಿವಿ ಇಲ್ಲ ಮೇಡಂ, ಹೀಗೆ ರೇಗಿಸುತ್ತಾರೆ ಭಾವ, ಇಪ್ಪತ್ತು ವರ್ಷದಿಂದ ಟೆಸ್ಟ್ ಕೋಣೆಯಲ್ಲಿರುವವರು, ಬೇರಿಂಗ್ ಉಸಿರು ಕಟ್ಟಿದರೂ ಅವರಿಗೆ ಮೊದಲು ಗೊತ್ತು, ಆ ಗದ್ದಲದಲ್ಲಿ ಮಾತು ನಡೆಯುವುದಿಲ್ಲ, ಅದಕ್ಕೇ ಒಂದು ರೂಢಿ, ಸದ್ದು ಬದಲಾದರೆ ಭಾವ ದಪ್ಪ ಗಾಜಿನ ಆಚೆ ಬಲಗೈ ಎತ್ತುತ್ತಾರೆ, ನಿಲ್ಲಿಸಲಾ ಎಂದು, ಈಚೆ ಲೆಕ್ಕ ಮಾಡಿದವರು ತಲೆಯಾಡಿಸಿ ಹೂಂ ಅಥವಾ ಬೇಡ ಎನ್ನಬೇಕು. ಸೋಮವಾರವೂ ಎತ್ತಿದರು. ನೀಲಿ ಗ್ಲೌಸು, ಐದೂ ಬೆರಳು ಬಿಡಿಸಿ. ನಾನು ಪರದೆಯ ಗೆರೆ ನೋಡಿದೆ, ನುಣ್ಣಗಿತ್ತು, ಬೇಡ ಎಂದು ತಲೆಯಾಡಿಸಿದೆ, ಕೈ ಇಳಿಯಲಿಲ್ಲ, ಮತ್ತೆ ತಲೆಯಾಡಿಸಿದೆ, ಆಗ ಇಳಿಸಿ ಪಂಪಿನ ಹತ್ತಿರ ಬಗ್ಗಿದರು, ದಂಡ ಕಚ್ಚಿಕೊಂಡಿತು, ಕವಚ ಸೀಳಿತು, ಚಳಿಯ ಆವಿಗೆ ಗಾಜು ಪೂರ್ತಿ ಬಿಳಿ. ಇವ್ರು ಕೈ ಎತ್ತಲೇ ಇಲ್ವಂತೆ ಕಣೇ, ಹಾಸಿಗೆಯ ಪಕ್ಕ ಅಕ್ಕ ಕಿತ್ತಳೆ ಸುಲಿಯುತ್ತ ಹೇಳುತ್ತಿದ್ದಾಳೆ, ಮೈಮರೆತರು ಅಂತ ರಿಪೋರ್ಟಲ್ಲಿ ಬರೀತಾರಂತೆ, ಸಾಹೇಬ್ರು ಹೇಳಿದ್ರು — ಸಾಹೇಬರಿಗೆ ಹೇಳಿದ್ದು ಯಾರು, ಗಾಜಿನ ಈಚೆ ಇದ್ದವಳು ನಾನೊಬ್ಬಳೇ, ಕೈ ಎತ್ತಿದ್ರಾ ಎಂದು ಕೇಳಿದಾಗ ಸುಮ್ಮನಿದ್ದೆ, ಸುಮ್ಮನಿದ್ದದ್ದನ್ನು ಇಲ್ಲ ಎಂದು ಬರೆದುಕೊಂಡರು, ಬರೆಯುವುದನ್ನು ನೋಡುತ್ತ ಕೂತೆ, ಥೂ ನನ್ನ ಜನ್ಮಕ್ಕೆ. ಸಂಜೆ ಆ ರಿಪೋರ್ಟಿಗೆ ಸಹಿ ಹಾಕಬೇಕು. ಹಾಕುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ, ಅಕ್ಕಾ ಕೇಳಿಲ್ಲಿ ಎಂದು — ಭಾವ ಕಣ್ಣು ಬಿಟ್ಟಿದ್ದಾರೆ, ಬಂದ್ಯಾ ಮೇಡಂ, ಏನೂ ನೆನಪಾಗ್ತಿಲ್ಲ ಕಣಮ್ಮ, ಸದ್ದು ಕೆಟ್ರೆ ನಾನು ಕೈ ಎತ್ತದೇ ಇರೋನಲ್ಲ, ನೀನು ನೋಡ್ತಿದ್ಯಲ್ಲ, ಎತ್ತಿದ್ನಾ, ಅಕ್ಕನ ಬೆರಳು ಸಿಪ್ಪೆಯ ಮೇಲೆ ನಿಂತಿದೆ, ಹೂಂ ಅನ್ನು, ಒಂದೇ ಅಕ್ಷರ, ಅನ್ನು — ಇಲ್ಲ ಭಾವ. ಓ, ಹಾಗಾದ್ರೆ ಕಿವಿನೇ ಹೋಗಿದೆ ನಂದು, ಅಂದರು, ಗೋಡೆಯ ಕಡೆ ತಿರುಗಿಕೊಂಡರು, ಅಕ್ಕ ಅವರ ಬೆನ್ನು ಸವರುತ್ತಿದ್ದಾಳೆ, ನಾನು ಎದ್ದು ಹೋಗಬೇಕು, ಗಾಜು, ನೀಲಿ ಗ್ಲೌಸು, ಐದೂ ಬೆರಳು ಬಿಡಿಸಿ, ನನ್ನನ್ನೇ ನೋಡುತ್ತ, ನಿಲ್ಲಿಸಲಾ, ಕೈ ಇಳಿಸುತ್ತಿಲ್ಲ, ನೀಲಿ ಗ್ಲೌಸು, ಐದೂ ಬೆರಳು, ಇಳಿಸುತ್ತಿಲ್ಲ