ಕಾಂಡ್ಲದ ಬುಡದಲ್ಲಿದ್ದ ಉರುಲು

ಕಾಪುವಿನ ಹೊಳೆಯಲ್ಲಿ ನೀರುನಾಯಿಗಳು ಎಲ್ಲೆಲ್ಲಿ ಓಡಾಡುತ್ತವೆ ಎಂದು ಗುರುತಿಸುವ ಕೆಲಸ ಸೌಮ್ಯಶ್ರೀ ಮತ್ತು ಕಾರ್ಲ್ಟನ್ ಪಾಲಿಗೆ ಬಂದಿತ್ತು. ಇಬ್ಬರೂ ಮಣಿಪಾಲದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದರು. ವಾರದ ಕೊನೆಗೆ ಕಾಪುವಿನ ಸಣ್ಣ ಸಂರಕ್ಷಣಾ ಟ್ರಸ್ಟ್‌ಗೆ ದುಡಿದರೆ ಕಾಲೇಜಿನಲ್ಲಿ ಅಂಕ ಸಿಗುತ್ತಿತ್ತು, ಟ್ರಸ್ಟ್‌ನಿಂದ ಒಂದಿಷ್ಟು ಕೈಖರ್ಚು. ಕಾರ್ಲ್ಟನ್ ಕಾರ್ಕಳದ ಪಕ್ಕದ ಕುಕ್ಕುಂದೂರಿನಿಂದ ಬಸ್ಸು ಬದಲಿಸಿ ಬರುತ್ತಿದ್ದ. ಸೌಮ್ಯಶ್ರೀಯ ಮನೆ ಅದೇ ಹೊಳೆಯ ದಡದಲ್ಲಿತ್ತು. ಅವಳ ಅಪ್ಪ ಕೂಸಪ್ಪ ಅಲ್ಲೇ ಬಲೆ ಬಿಟ್ಟು ಮೀನು, ಏಡಿ ಹಿಡಿಯುವವರು.

ಆ ಶನಿವಾರ ಬೆಳಿಗ್ಗೆ ನೀರು ಇಳಿದಿತ್ತು. ಕೆಸರಿನಲ್ಲಿ ಹೆಜ್ಜೆಗುರುತು ಹುಡುಕುತ್ತ ಮುಂದೆ ಹೋಗುತ್ತಿದ್ದ ಕಾರ್ಲ್ಟನ್ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಒಂದು ಕಾಂಡ್ಲ ಗಿಡದ ಬಳಿ ಬಗ್ಗಿದ.

"ಇಲ್ಲಿ ನೋಡು, ಉರುಲು."

ಬೈಕಿನ ಕ್ಲಚ್ ಕೇಬಲ್ಲನ್ನು ಕುಣಿಕೆ ಮಾಡಿ ಹಸಿರು ನೈಲಾನ್ ದಾರದಲ್ಲಿ ಬೇರಿಗೆ ಬಿಗಿದಿದ್ದರು. ಎರಡು ಸುತ್ತು ಹಾಕಿ ತುದಿಯನ್ನು ಹಿಂದಕ್ಕೆ ಮಡಚಿದ ಗಂಟು. ಬಲೆ ಹೊಲಿಯುವಾಗ ಆ ಗಂಟು ಹಾಕಲು ಸೌಮ್ಯಶ್ರೀಗೆ ಕಲಿಸಿದ್ದು ಅಪ್ಪ.

"ಯಾರ ಕೆಲಸ ಮಾರಾಯ್ತಿ ಇದು? ವೆರೊನಿಕಾ ಮೇಡಂಗೆ ಹೇಳಬೇಕು." ವೆರೊನಿಕಾ ಟ್ರಸ್ಟ್ ನಡೆಸುತ್ತಿದ್ದ ನಿವೃತ್ತ ಅಧ್ಯಾಪಕಿ.

"ನೀನು ಹೋಗಿ ಹೇಳು. ನನಗೆ ತಲೆನೋವು, ಮನೆಗೆ ಹೋಗ್ತೇನೆ," ಎಂದಳು.

ಮನೆಯಲ್ಲಿ ಅಪ್ಪ ಇರಲಿಲ್ಲ, ಉಡುಪಿಗೆ ಹೋಗಿದ್ದರು. ಅವಳು ಅಂಗಳ ಗುಡಿಸಿದಳು. ಕುಳಿತಳು, ಎದ್ದಳು, ರಸ್ತೆಯವರೆಗೆ ಹೋಗಿ ಬಂದಳು. ಕಾರ್ಲ್ಟನ್‌ನ ಫೋನ್ ಬಂದರೂ ಎತ್ತಲಿಲ್ಲ. ಮಧ್ಯಾಹ್ನ ಅಪ್ಪ ಬಂದು ಕಾಲು ತೊಳೆಯುತ್ತಿರುವಾಗಲೇ ಕೇಳಿದಳು.

"ಅಪ್ಪ, ಉರುಲು ಇಟ್ಟದ್ದು ನೀವಾ?"

"ಎಂತಕ್ಕೆ ಕೇಳುದು?"

"ನಿಮ್ಮ ಗಂಟು ನನಗೆ ಗೊತ್ತಾಗುದಿಲ್ವಾ?"

ಕೂಸಪ್ಪ ಚೆಂಬನ್ನು ಕೆಳಗಿಟ್ಟರು. "ಈ ತಿಂಗಳು ಆ ನೀರುನಾಯಿಗಳು ಬಲೆ ಹರಿಯದ ದಿನ ಉಂಟಾ? ನೀನು ಅವುಗಳ ಹೆಜ್ಜೆ ನೋಡ್ತಾ ತಿರುಗುದು, ನಾನು ಹೊಲೀತಾ ಕೂರುದು."

ಹರಿದ ಬಲೆ ಜಗಲಿಯಲ್ಲೇ ರಾಶಿ ಬಿದ್ದಿತ್ತು.

"ಬೇರೆ ಎಲ್ಲಿ ಇಟ್ಟಿದ್ದೀರಿ?"

"ಕುದ್ರುವಿನ ಆಚೆ ಒಂದು ಉಂಟು. ಊಟ ಆಗಲಿ, ತೆಗೀತೇನೆ."

ಅವಳು ಹೋಗಿ ದೋಣಿಯಲ್ಲಿ ಕುಳಿತಳು. ಸ್ವಲ್ಪ ಹೊತ್ತಿನಲ್ಲಿ ಅಪ್ಪ ಊಟ ಮಾಡದೆ ಬಂದು ಹುಟ್ಟು ಹಿಡಿದರು.

ಹೊಳೆಯ ನಡುವಿನ ಆ ಸಣ್ಣ ದ್ವೀಪ ಹತ್ತಿರವಾದಂತೆ ಸಿಳ್ಳೆಯಂಥ ಕೂಗು ಕೇಳಿಸಿತು. ಎರಡು ನೀರುನಾಯಿಗಳು ತಲೆ ಎತ್ತಿ ಈಜುತ್ತ ಕೂಗುತ್ತಿದ್ದವು. ದಡದಲ್ಲಿ ಮೂರನೆಯದು, ಹಿಂಗಾಲು ಉರುಲಿನೊಳಗೆ. ಕೇಬಲ್ ಮಾಂಸಕ್ಕೆ ಇಳಿದಿತ್ತು. ಕೂಸಪ್ಪ ಕತ್ತಿ ಹಿಡಿದು ಹತ್ತಿರ ಹೋದರೆ ಅದು ಹಲ್ಲು ತೋರಿಸಿ ಜೋರಾಗಿ ಎಳೆಯಿತು.

"ಬೇಡ ಅಪ್ಪ, ಕಾಲು ತುಂಡಾಗ್ತದೆ. ಡಾಕ್ಟ್ರೇ ಬೇಕು. ಮೇಡಂಗೆ ಫೋನ್ ಮಾಡ್ತೇನೆ."

"ಮಾಡಿದರೆ ಯಾರು ಇಟ್ಟದ್ದು ಅಂತ ಕೇಳ್ತಾರೆ."

"ಕೇಳ್ತಾರೆ."

"ನೀನು ಎಂತ ಹೇಳ್ತಿ?"

ಅವಳು ಫೋನ್ ಹೊರತೆಗೆದಳು. "ನನಗೆ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ."

ಅವರು ದೋಣಿ ಕಡೆಗೆ ನಡೆದರು. ಬಿಟ್ಟು ಹೋಗುತ್ತಾರೆ ಎಂದುಕೊಂಡಳು. ಅವರು ಗೋಣಿಚೀಲ ನೀರಿಗದ್ದಿ ತಂದು ಪ್ರಾಣಿಯ ತಲೆಯ ಮೇಲೆ ಹಾಕಿ, ಅದು ಎಳೆಯದಂತೆ ಒತ್ತಿ ಹಿಡಿದು ಕುಳಿತರು. ಅವಳು ಫೋನ್ ಮಾಡಿದಳು.

ವೆರೊನಿಕಾ, ಕಾರ್ಲ್ಟನ್, ಪಶುವೈದ್ಯರು ಮತ್ತು ಒಬ್ಬ ಅರಣ್ಯ ರಕ್ಷಕ ಬರುವವರೆಗೂ ಕೂಸಪ್ಪ ಕೈ ಸಡಿಲಿಸಲಿಲ್ಲ. ವೈದ್ಯರು ಕೇಬಲ್ ಕತ್ತರಿಸಿ ನೀರುನಾಯಿಯನ್ನು ಬೋನಿಗೆ ಹಾಕಿದರು. ಯಾರು ಇಟ್ಟದ್ದೆಂದು ರಕ್ಷಕ ಕೇಳಿದಾಗ ಸೌಮ್ಯಶ್ರೀ ಬಾಯಿ ತೆರೆಯುವ ಮೊದಲೇ ಕೂಸಪ್ಪ, "ನಾನು," ಎಂದರು.

ಕೂಸಪ್ಪನವರ ಮೇಲೆ ಕೇಸು ದಾಖಲಾಯಿತು. ವೆರೊನಿಕಾ ಅವಳನ್ನು ಕಾರ್ಕಳದ ಕಡೆ ಕೆರೆ ಸಮೀಕ್ಷೆಯ ಕೆಲಸಕ್ಕೆ ಹಾಕಿದರು. "ನಿನ್ನ ಮೇಲೆ ಸಿಟ್ಟಲ್ಲ. ಆದರೆ ಈ ಹೊಳೆಯಲ್ಲಿ ನಿನ್ನನ್ನು ಇಟ್ಟುಕೊಂಡರೆ ಸರಿಯಾಗುದಿಲ್ಲ, ಅಲ್ವಾ?" ಅದು ಸರಿ ಎಂದು ಅವಳಿಗೂ ಗೊತ್ತಿತ್ತು. ಮನೆಯಲ್ಲಿ ಅಪ್ಪ ಅವಳು ಬರುವ ಮೊದಲೇ ಉಂಡು ಮಲಗುತ್ತಿದ್ದರು. ತರಗತಿಯಲ್ಲಿ ಅವಳಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಪಾಠ ನಡೆಯುತ್ತಿರುವಾಗಲೇ ಎದ್ದು ಹೊರಗೆ ಹೋಗುತ್ತಿದ್ದಳು.

ಉಡುಪಿಯ ಅರಣ್ಯ ಕಚೇರಿಗೆ ಅಪ್ಪನನ್ನು ಕರೆದ ದಿನ ಅವಳೂ ಹೊರಟಳು. ಬೇಡವೆಂದು ಅವರು ಹೇಳಲಿಲ್ಲ, ಆದರೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತರು. ಕಚೇರಿಯ ವರಾಂಡದಲ್ಲಿ ಅವರು ಎದ್ದು ನಿಲ್ಲುವುದು, ಮತ್ತೆ ಕೂರುವುದು. ಅವಳೂ ಹಾಗೆಯೇ.

"ಅದು ಬದುಕಿತಾ?" ಎಂದು ಕೊನೆಗೆ ಅವರು ಕೇಳಿದರು.

"ಎರಡು ಬೆರಳು ಹೋಯ್ತಂತೆ. ನಿನ್ನೆ ಹೊಳೆಗೆ ಬಿಟ್ರು."

"ನಮ್ಮ ಹೊಳೆಗೇ?"

"ಹೌದು."

ಅವರು ತಲೆ ಕೆರೆದುಕೊಂಡರು. ನಗು ಬಂತೋ ಸಿಟ್ಟು ಬಂತೋ ಅವಳಿಗೆ ತಿಳಿಯಲಿಲ್ಲ. ಒಳಗಿನಿಂದ ಅವರ ಹೆಸರು ಕೂಗಿದರು. ಬಾಗಿಲವರೆಗೆ ಹೋದವರು ನಿಂತು ತಿರುಗಿ ನೋಡಿದರು.

"ನೀನೂ ಬಾ ಮಗಾ. ನನಗೆ ಇವರ ಹತ್ತಿರ ಸರಿಯಾಗಿ ಮಾತಾಡ್ಲಿಕ್ಕೆ ಬರುದಿಲ್ಲ. ಆದದ್ದನ್ನು ಆದ ಹಾಗೇ ಹೇಳು."

ಅವಳು ಎದ್ದು ಅವರ ಹಿಂದೆ ಒಳಗೆ ಹೋದಳು.